ಕಟ್ಟು ಅಮ್ಮನಿಗೆ, ಕಾಳು ಊರಿಗೆ

ಬಸ್ಸಾರು ಮಾಡಿದ ದಿನ ನಮ್ಮ ಮನೆಯಲ್ಲಿ ಒಂದೇ ಪಾತ್ರೆಯಿಂದ ಎರಡು ಅಡುಗೆ ಆಗುತ್ತಿದ್ದವು. ಅಲಸಂದೆಯನ್ನೋ ಹುರುಳಿಯನ್ನೋ ಸೊಪ್ಪಿನ ಜೊತೆ ಬೇಯಿಸಿ, ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಅಮ್ಮ ನೀರು ಬಸಿಯುತ್ತಿದ್ದಳು. ಬಸಿದ ನೀರಿಗೆ ಕಟ್ಟು ಅಂತ ಹೆಸರು. ಖಾರ ಅರೆದು ಹಾಕಿ ಕುದಿಸಿದರೆ ಅದೇ ಸಾರು. ಪಾತ್ರೆಯಲ್ಲಿ ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಬಿದ್ದರೆ ಪಲ್ಯ. ಪಲ್ಯ ಮೊದಲು ಅಪ್ಪನಿಗೆ, ಆಮೇಲೆ ಅಣ್ಣನಿಗೆ, ನೆಂಟರು ಬಂದಿದ್ದರೆ ಅವರಿಗೆ, ಅದಾದ ಮೇಲೆ ನನಗೆ. ಎಲ್ಲರದೂ ಮುಗಿದ ಮೇಲೆ ಕೂರುವ ಅಮ್ಮನಿಗೆ ಮುದ್ದೆ, ಅದು ಮುಳುಗುವಷ್ಟು ಕಟ್ಟಿನ ಸಾರು. "ನಿಂಗೆ ಪಲ್ಯ ಎಲ್ಲಮ್ಮ?" ಎಂದರೆ ಉತ್ತರ ಸಿದ್ಧವಾಗಿರುತ್ತಿತ್ತು. "ಸತ್ವ ಎಲ್ಲಾ ಕಟ್ಟಲ್ಲೇ ಇಳ್ದಿರ್ತೈತೆ ಕಣೇ. ಕಾಳಲ್ಲಿ ಇನ್ನೇನೈತೆ, ಬರೀ ಸಿಪ್ಪೆ."

ನಾನು ಆ ಮಾತನ್ನು ನಂಬಿದ್ದೆ. ನಂಬಿದ್ದು ಸುಳ್ಳಲ್ಲ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ ಅಷ್ಟೆ. ಯಾಕೆಂದರೆ ನಾನು ಗುಬ್ಬಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಡಂ. ಪ್ರೋಟೀನು ಒಡೆದರೆ ಅಮೈನೋ ಆಮ್ಲ, ಅಮೈನೋ ಆಮ್ಲ ಸೇರಿದರೆ ಮೈಯ ಪ್ರೋಟೀನು ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಲಿ ಬರೆಸಿ, ತಪ್ಪು ಬರೆದವರ ಕಿವಿ ಹಿಂಡಿದವಳು. ದೀಪದ ಬುಡ ಕತ್ತಲೆ ಅಂತಾರಲ್ಲ, ಆ ಕತ್ತಲೆಯಲ್ಲಿ ನಮ್ಮಮ್ಮ ಕೂತಿದ್ದಳು.

ಅಪ್ಪ ಹೋದ ಮೇಲೆ ಅಮ್ಮ ಕುಣಿಗಲ್‌ನಲ್ಲಿ ಅಣ್ಣನ ಮನೆಯಲ್ಲಿದ್ದಳು. ಎರಡು ವರ್ಷದ ಹಿಂದೆ ಗೌರಿ ಹಬ್ಬದ ಆಸುಪಾಸಿನಲ್ಲಿ ಜ್ವರ ಹಿಡಿಯಿತು. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿಕೊಂಡು, ಹಬ್ಬದ ಕೆಲಸವನ್ನೂ ಮಾಡಿಕೊಂಡು ಎರಡು ವಾರ ದೂಡಿದಳು. ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದಳು. ತುಮಕೂರಿನ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿದರೆ ಟೈಫಾಯ್ಡ್ ಸಣ್ಣ ಕರುಳಿಗೆ ತೂತು ಮಾಡಿತ್ತು. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಕ್ಕೆ ತಂದು ಹೊಲಿದು, ಅದರ ಮೇಲೆ ಒಂದು ಚೀಲ ಅಂಟಿಸಿದ್ದರು. ಇನ್ನು ಮೇಲೆ ತಿಂದದ್ದೆಲ್ಲ ಆ ಚೀಲಕ್ಕೇ ಬಂದು ಬೀಳುವುದು.

"ಇದು ಪರ್ಮನೆಂಟ್ ಅಲ್ಲಮ್ಮ," ಎಂದರು ಡಾಕ್ಟರು. "ಮೂರು ತಿಂಗಳು ಬಿಟ್ಟು ಕರುಳು ಜೋಡಿಸಿ ಒಳಗೆ ಹಾಕ್ತೀವಿ. ಆದ್ರೆ ಅಷ್ಟರಲ್ಲಿ ನೀವು ಶಕ್ತಿ ತಂದ್ಕೋಬೇಕು. ಮೈಯಲ್ಲಿ ಶಕ್ತಿ ಇಲ್ದಿದ್ರೆ ಹೊಲಿಗೆ ನಿಲ್ಲಲ್ಲ."

ಚೀಲ ಹೋಗಬೇಕು. ಅಮ್ಮನಿಗೆ ಲೋಕದಲ್ಲಿ ಬೇಕಾಗಿದ್ದು ಅದೊಂದೇ. ನಾಲ್ಕು ಬೀದಿಯ ಬಾಣಂತಿಯರಿಗೆ ಎಣ್ಣೆ ತಿಕ್ಕಿ, ಮದುವೆ ಮನೆಗಳಲ್ಲಿ ಒಲೆ ಮುಂದೆ ನಿಂತು ದರ್ಬಾರು ಮಾಡುತ್ತಿದ್ದ ಹೆಂಗಸು, ಯಾರಾದರೂ ನೋಡಲು ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಮನೆಯಲ್ಲಿ ಜನ ಜಾಸ್ತಿ, ಬಚ್ಚಲು ಒಂದೇ ಎಂದು ಅಣ್ಣ ರಾಗ ಎಳೆದ. ನಾನೇ ಗುಬ್ಬಿಗೆ ಕರೆದುಕೊಂಡು ಬಂದೆ.

ನಾನು ಸ್ಕೂಲಿಗೆ ಹೋಗುವವಳು, ನನ್ನ ಗಂಡನಿಗೆ ಬಿದರೆಹಳ್ಳಿ ಕಾವಲ್‌ನ ಫ್ಯಾಕ್ಟರಿಯಲ್ಲಿ ಶಿಫ್ಟು. ಹಗಲು ನೋಡಿಕೊಳ್ಳಲು ಹಾಗಲವಾಡಿಯಿಂದ ದೊಡ್ಡಮ್ಮ ಬಂದಳು, ಅಮ್ಮನ ಅಕ್ಕ. ಬಂದ ದಿನವೇ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ವಹಿಸಿಕೊಂಡಳು. ದೊಡ್ಡಮ್ಮನ ಪಥ್ಯವೆಂದರೆ ಕೋರ್ಟಿನ ಆರ್ಡರ್ ಇದ್ದ ಹಾಗೆ, ಅಪೀಲು ಇಲ್ಲ. ಅವರೆಕಾಳು ನಂಜು, ಗಾಯ ಕೀವಾಗ್ತದೆ. ಹೆಸರುಕಾಳು ವಾಯು. ಮೊಸರು ಶೀತ. ಮೊಟ್ಟೆ ಉಷ್ಣ. ಮಿಕ್ಕಿದ್ದು ಏನು? ಅಕ್ಕಿ ಗಂಜಿ ಮತ್ತು ಕಟ್ಟು.

ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ, ಮೆತ್ತಗಿನ ಊಟ ಕೊಡಿ, ಪ್ರೋಟೀನ್ ಜಾಸ್ತಿ ಇರಲಿ ಎಂದು ಬರೆದಿತ್ತು. ನಾನೇ ಓದಿ ಹೇಳಿದೆ. ಪ್ರೋಟೀನ್ ಅಂದರೇನು ಎಂದು ದೊಡ್ಡಮ್ಮ ಕೇಳಿದಳು. ಬೇಳೆಕಾಳಲ್ಲಿ ಇರೋ ಸತ್ವ ಎಂದೆ. "ಅಷ್ಟೇ ತಾನೆ, ಅದ್ಕೇನು," ಎಂದು ದೊಡ್ಡಮ್ಮ ಕಾಳು ಒಂದು ಹಿಡಿ ಜಾಸ್ತಿ ಹಾಕಿ, ಇನ್ನೂ ಅರ್ಧ ಗಂಟೆ ಬೇಯಿಸಿ, ಕಟ್ಟು ಜಾಸ್ತಿ ಬಸಿದಳು. ಅದನ್ನು ದಿನಕ್ಕೆ ಮೂರು ಲೋಟ ಅಮ್ಮನಿಗೆ ಕುಡಿಸಿದೆವು. ಬಸಿದು ಉಳಿದ ಕಾಳನ್ನು ಒಗ್ಗರಣೆ ಹಾಕಿ ನನ್ನ ಡಬ್ಬಿಗೆ ತುಂಬುತ್ತಿದ್ದಳು. ನಾನು ಸ್ಟಾಫ್ ರೂಮಿನಲ್ಲಿ ಕೂತು ತಿನ್ನುತ್ತಿದ್ದೆ, ಚೆನ್ನಾಗಿರುತ್ತಿತ್ತು.

ಮೂರು ತಿಂಗಳಾಗಿ ತುಮಕೂರಿಗೆ ತೋರಿಸಲು ಹೋದೆವು. ಗಾಯ ಒಣಗಿತ್ತು, ಸೋಂಕು ಇರಲಿಲ್ಲ. ಆದರೆ ತೂಕದ ಮೆಷಿನ್ ಮೇಲೆ ಅಮ್ಮ ನಿಂತಾಗ ನರ್ಸು ಎರಡು ಸಲ ಬಗ್ಗಿ ನೋಡಿದಳು. ರಕ್ತದಲ್ಲಿ ಇರಬೇಕಾದ ಪ್ರೋಟೀನೂ ಕೆಳಗಿತ್ತು. "ಈಗ ಆಪರೇಷನ್ ಬೇಡ," ಎಂದರು ಡಾಕ್ಟರು. "ಎರಡು ತಿಂಗಳು ಬಿಟ್ಟು ನೋಡೋಣ. ಅಷ್ಟರಲ್ಲೂ ಹಿಂಗೇ ಇದ್ರೆ ಕಷ್ಟ ಇದೆ." ಅಮ್ಮ ಕಾರಿಡಾರಿಗೆ ಬಂದ ಮೇಲೆ ನನ್ನ ಮುಂಗೈ ಹಿಡಿದುಕೊಂಡು, "ಸಾಯಗಂಟ ಹಿಂಗೇನೇ?" ಎಂದಳು.

ಊಟದ ವಿಷಯ ಹೇಳುವ ಡಯಟೀಷಿಯನ್ ಹತ್ತಿರ ಕಳಿಸಿದ್ದರು. ಲಿಫ್ಟಿನ ಪಕ್ಕ ಒಂದು ಸಣ್ಣ ರೂಮು, ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ ಎಂದು ಕೇಳಿದಳು. ಅಮ್ಮ ಹೇಳಿದಳು: ಗಂಜಿ, ಕಟ್ಟು, ಅನ್ನ, ಕಟ್ಟು, ಗಂಜಿ.

"ಕಟ್ಟು ಬಸಿದ್ರಲ್ಲ, ಆ ಕಾಳು ಏನಾಯ್ತಮ್ಮ?"

"ಇವ್ಳ ಡಬ್ಬಿಗೆ ಹಾಕಿದ್ವಿ," ಎಂದು ಅಮ್ಮ ನನ್ನ ಕಡೆ ಕೈ ತೋರಿಸಿದಳು. ಆಗ ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಹುಡುಗಿ ನಗಲಿಲ್ಲ, ಬೈಯಲೂ ಇಲ್ಲ. ಕಟ್ಟಿನಲ್ಲಿ ಏನೂ ಇಲ್ಲ ಅಂತಲ್ಲ, ಚೀಲ ಇದ್ದವರಿಗೆ ನೀರು, ಉಪ್ಪು ಬೇಕೇ ಬೇಕು, ಆದರೆ ಪ್ರೋಟೀನು ಮುಕ್ಕಾಲುವಾಸಿ ಕಾಳಿನಲ್ಲೇ ಉಳಿದುಬಿಡುತ್ತೆ ಎಂದಳು. "ಅಮ್ಮ, ಕರುಳಿನ ಒಳಗಡೆ ಒಂದು ಪದರ ಇರುತ್ತೆ. ಊಟ ಹೀರ್ಕೊಳ್ಳೋದು ಅದೇ. ಅದು ಒಂದ್ಸಲ ಮಾಡಿಟ್ಟಿದ್ದಲ್ಲ. ನಾಲ್ಕೈದು ದಿನಕ್ಕೆ ಹಳೇದು ಉದುರಿ ಹೊಸದು ಬರ್ತಾನೇ ಇರುತ್ತೆ, ಜೀವ ಇರೋವರೆಗೂ."

ಅಮ್ಮ ಮುಂದಕ್ಕೆ ಬಾಗಿದಳು. "ಅಂದ್ರೆ, ಅಂಗಳ ಸಾರ್ಸಿದಂಗೆ. ಎರ್ಡ್ ದಿನಕ್ಕೆ ಎದ್ದೋಗ್ತದೆ, ತಿರ್ಗಾ ಸಾರಿಸ್ಬೇಕು."

"ಹ್ಞೂಂ, ಹಂಗೇ."

ಅಮ್ಮ ತನ್ನ ಹೊಟ್ಟೆಯ ಮೇಲೊಮ್ಮೆ ಕೈ ಆಡಿಸಿಕೊಂಡಳು. ಆಮೇಲೆ, "ಅಂಗಾರೆ ನಾನು ಇಷ್ಟ್ ದಿನ ಸಗಣಿ ಇಲ್ದೆ ಬರೀ ನೀರಲ್ಲಿ ಸಾರಿಸ್ತಿದ್ದೆ ಅನ್ನು," ಎಂದಳು.

ಗುಬ್ಬಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನಾನು ಕಿಟಕಿಯಾಚೆ ನೋಡಿಕೊಂಡು ಕುದಿಯುತ್ತಿದ್ದೆ. ನನಗೆ ಗೊತ್ತಿಲ್ಲದ್ದೇನನ್ನೂ ಆ ಹುಡುಗಿ ಹೇಳಿರಲಿಲ್ಲ. ಕಾಳಿನ ಪ್ರೋಟೀನು ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ ಬಿಡಿಬಿಡಿಯಾಗುತ್ತದೆ. ಅದರಲ್ಲಿ ಗ್ಲುಟಮಿನ್ ಅನ್ನುವುದನ್ನು ಸಣ್ಣ ಕರುಳಿನ ಕೋಶಗಳು ಸೌದೆಯ ಹಾಗೆ ಉರಿಸಿಕೊಂಡು ಕೆಲಸ ಮಾಡುತ್ತವೆ. ತ್ರಿಯೋನಿನ್ ಅನ್ನುವುದು ಕರುಳಿನ ಒಳಮೈಯನ್ನು ಕಾಯುವ ಲೋಳೆಗೆ ಬೇಕು. ಲೈಸಿನ್ ಅನ್ನುವುದನ್ನು ನಮ್ಮ ಮೈ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ರಾಗಿಯಲ್ಲಿ ಅದು ಕಡಿಮೆ, ಕಾಳಿನಲ್ಲಿ ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ರಾಗಿಯಲ್ಲಿದೆ. ಮುದ್ದೆಗೆ ಕಾಳು ಜೊತೆ ಎಂದು ನಮ್ಮ ಸೀಮೆಯ ಯಾವ ಅಜ್ಜಿ ಗೊತ್ತುಮಾಡಿದಳೋ, ಅವಳಿಗೆ ದೊಡ್ಡ ನಮಸ್ಕಾರ. ಆ ಜೊತೆಯನ್ನು ಒಡೆದು ಗಂಡಸರಿಗೆ ಕಾಳು, ಹೆಂಗಸರಿಗೆ ನೀರು ಎಂದು ಪಾಲು ಮಾಡಿದವರು ಯಾರು? ಸಾಲದ್ದಕ್ಕೆ ಆ ನೀರಿಗೆ ಸತ್ವ ಅಂತ ಹೆಸರಿಟ್ಟವರು ಯಾರು? ಅವರು ಸಿಕ್ಕಿದ್ದರೆ ಮುಂದಿನ ಸ್ಟಾಪಿನಲ್ಲೇ ಇಳಿಸಿ ಎರಡು ಬಾರಿಸುತ್ತಿದ್ದೆ. ಮೊದಲನೇ ಏಟು ನನಗೇ ಬೀಳಬೇಕಿತ್ತು, ಅದೂ ಗೊತ್ತಿತ್ತು.

ಮನೆಗೆ ಬಂದವಳೇ ಹೆಸರುಬೇಳೆ ಕುಕ್ಕರಿಗಿಟ್ಟೆ. ಸಿಪ್ಪೆ ಇದ್ದರೆ ಚೀಲದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ, ಸಿಪ್ಪೆ ತೆಗೆದದ್ದು ಮೆತ್ತಗೆ ಬೆಂದದ್ದು ಮಾತ್ರ ಕೊಡಿ, ಜೊತೆಗೆ ಮೊಸರು, ಮೊಟ್ಟೆ ಎಂದಿದ್ದಳು ಹುಡುಗಿ. ಬೇಳೆಯನ್ನು ಬಸಿಯದೆ ಗಟ್ಟಿಯಾಗಿ ಮಸೆದು ತುಪ್ಪ ಬಿಟ್ಟೆ. ಇನ್ನೊಂದು ಒಲೆಯ ಮೇಲೆ ಮೊಟ್ಟೆ ಬೇಯುತ್ತಿತ್ತು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಕರುಳು ಕೊಯ್ದವ್ರೆ ಅಂತೀಯ, ಮೊಟ್ಟೆ ತುರುಕ್ತೀನಿ ಅಂತೀಯ. ಓದಿರೋಳಿಗೆ ವಸಿ ಬುದ್ಧಿ ಬ್ಯಾಡ್ವೇನೇ?"

"ಮೂರು ತಿಂಗ್ಳು ನೀನು ಹೇಳ್ದಂಗೇ ಕೇಳಿದೀವಿ ದೊಡ್ಡಮ್ಮ. ಏನಾಯ್ತು? ಅಮ್ಮನ ಬೆನ್ನು ತಿಕ್ಕೋವಾಗ ಮೂಳೆ ಕೈಗೆ ಚುಚ್ಚುತ್ತೆ."

"ನಾಳೆ ನಂಜಾಗಿ ಗಾಯ ಬಾಯಿಬಿಟ್ರೆ?"

"ಬಾಯಿ ಬಿಟ್ರೆ ನಾನು ನೋಡ್ಕೋತೀನಿ. ಇನ್ಮೇಲೆ ಈ ಮನೇಲಿ ಕಾಳು ಬಸಿಯೋ ಹಾಗಿಲ್ಲ. ಬಸಿಯೋದೇ ಆದ್ರೆ ಕಟ್ಟು ನಂಗೆ, ಕಾಳು ಅಮ್ಮಂಗೆ."

ಮನೆಯ ಹಿರಿಯಳಿಗೆ ಹಾಗೆ ಎದುರು ಮಾತಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ದೊಡ್ಡಮ್ಮ ಬ್ಯಾಗಿಗೆ ಎರಡು ಸೀರೆ ತುರುಕಿದಳು. "ನಮ್ಮವ್ವ ಹೆತ್ತೋಳ್ನ ನೀನು ಸಾಯಿಸೋದನ್ನ ನಾನು ಕಣ್ಣಾರ ನೋಡಾಕಿಲ್ಲ ಬುಡು," ಎಂದು ಹಾಗಲವಾಡಿ ಬಸ್ಸು ಹತ್ತಿದಳು. ಹೋಗಲಿ ಎಂದುಕೊಂಡೆ. ಹದಿನೈದು ದಿನ ರಜೆ ಹಾಕಿದೆ.

ಜಗಳ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರೆ ನಾನು ಪೆದ್ದಿ. ಅಮ್ಮ ತಿನ್ನುತ್ತಲೇ ಇರಲಿಲ್ಲ. ಎರಡು ಚಮಚ ಬೇಳೆ ಬಾಯಿಗಿಟ್ಟು ಸಾಕು ಎನ್ನುತ್ತಿದ್ದಳು. ಮೊಟ್ಟೆಯನ್ನು ಅರ್ಧ ಮಾಡಿ ನನ್ನ ತಟ್ಟೆಗೆ ದೂಡುತ್ತಿದ್ದಳು, "ನೀನು ನಿಂತ್ಕೊಂಡೇ ಪಾಠ ಮಾಡೋಳು, ತಿನ್ನು" ಎಂದು. ಸಗಣಿ ಇಲ್ಲದೆ ಸಾರಿಸುತ್ತಿದ್ದೆ ಎಂದ ಬಾಯೇ ಇದು! ಮೂರನೇ ದಿನ ನನಗೆ ರೇಗಿತು.

"ಏನಮ್ಮ ನಿನ್ನ ಕಥೆ? ಚೀಲ ಹೋಗ್ಬೇಕೋ ಬೇಡ್ವೋ?"

ಅಮ್ಮ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತಿದ್ದಳು. "ತಿಂದ್ರೆ ತುಂಬ್ತದಲ್ಲೇ. ತುಂಬ್ದಾಗೆಲ್ಲ ನೀನು ಬಂದು ಬಗ್ಗಿ ತೊಳೀಬೇಕು. ನಿನ್ ಮುಖ ನೋಡಾಕಾಗಲ್ಲ ನಂಗೆ. ಅದ್ಕೇ ಹೊಟ್ಟೆ ವಸಿ ಖಾಲಿ ಇಟ್ಕಂತೀನಿ."

ಮೂರು ತಿಂಗಳು ನಾವು ಪಥ್ಯ ಮಾಡಿಸುತ್ತಿದ್ದೆವು ಅಂದುಕೊಂಡಿದ್ದರೆ, ಅವಳು ನನ್ನ ಮುಖ ನೋಡಿ ಉಪವಾಸ ಮಾಡುತ್ತಿದ್ದಳು. ನನಗೆ ಅಳು ಬಂತು, ಅತ್ತೆ. ಅತ್ತು ಮುಗಿಸಿ ಚೀಲದ ಡಬ್ಬ ತಂದು ಅವಳ ಮುಂದಿಟ್ಟೆ. ಕತ್ತರಿ, ಹತ್ತಿ, ಅಂಟು, ಹೊಸ ಚೀಲ ಎಲ್ಲ ತೆಗೆದಿಟ್ಟು, "ಇವತ್ತಿಂದ ನಾನು ಮುಟ್ಟಲ್ಲ. ನೀನೇ ಮಾಡ್ಕೋ, ನಾನು ಬಾಗಿಲಾಚೆ ನಿಂತ್ಕೊಂಡು ಹೇಳ್ಕೊಡ್ತೀನಿ," ಎಂದೆ. ಕಲ್ಲೆದೆಯವಳು ಎಂದು ಯಾರಾದರೂ ಅಂದುಕೊಳ್ಳಲಿ. ಮೊದಲ ದಿನ ಬಚ್ಚಲೆಲ್ಲ ರಾಡಿಯಾಯಿತು, ಅವಳೇ ತೊಳೆದಳು. ಎರಡನೇ ದಿನ ಅಂಟು ಸರಿಯಾಗಿ ಕೂರಲಿಲ್ಲ. ನಾಲ್ಕನೇ ದಿನ ಒಳಗಿನಿಂದ, "ಆಯ್ತು ಕಣೇ, ನೆಟ್ಟಗೆ ಕೂತೈತೆ," ಎಂಬ ದನಿ ಕೇಳಿತು. ಬಾಣಂತಿಯರಿಗೆ ನೀರು ಹಾಕುವಾಗಿನ ಹಳೇ ದನಿ. ಆ ಮಧ್ಯಾಹ್ನ ಅವಳು ಒಂದು ಪೂರ್ತಿ ಬಟ್ಟಲು ಬೇಳೆ ತಿಂದು, ಮೊಟ್ಟೆಯನ್ನು ಯಾರಿಗೂ ಕೊಡಲಿಲ್ಲ.

ದೊಡ್ಡಮ್ಮ ಮೂರು ವಾರಕ್ಕೆ ವಾಪಸ್ಸು ಬಂದಳು. ಮನಸ್ಸು ಕರಗಿ ಬಂದಳೆಂದು ಹೇಳಲಾರೆ. ತಂಗಿ ಬದುಕಿದ್ದಾಳೋ ಇಲ್ಲವೋ ಎಂದು ಬೀದಿಯವರು ಕೇಳಿ ಕೇಳಿ ಸಾಕು ಮಾಡಿದ್ದರಂತೆ. ಕೈಯಲ್ಲಿ ಸೊಗಡು ಅವರೆಕಾಯಿಯ ಚೀಲ ಇತ್ತು. "ನಿಮಗೆ ತಂದಿದ್ದು, ಅವ್ಳಿಗಲ್ಲ," ಎಂದು ಮೂಲೆಗಿಟ್ಟಳು. ಗಾಯ ನೋಡುತ್ತೇನೆ ಎಂದು ಅಮ್ಮನ ಸೆರಗು ಸರಿಸಿ, ಕನ್ನಡಕ ಏರಿಸಿ, ಹತ್ತಿರದಿಂದ ನೋಡಿದಳು. ನಂಜಾಗಿರಲಿಲ್ಲ. ಅಮ್ಮನ ತೋಳು ಹಿಚುಕಿ ನೋಡಿದಳು.

ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಮ್ಮ ನೆನೆಸಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿತಕುತ್ತಿದ್ದಳು. ಸಿಪ್ಪೆ ಒಂದು ಕಡೆ, ಒಳಗಿನ ಮೆತ್ತನೆ ಬೇಳೆ ಒಂದು ಕಡೆ. ಸಿಪ್ಪೆ ಇಲ್ಲ, ಬೇಗ ಬೇಯುತ್ತದೆ, ಬಾಯಲ್ಲಿಟ್ಟರೆ ಕರಗುತ್ತದೆ. ಆ ಹುಡುಗಿ ಹೇಳಿದ್ದಕ್ಕೆ ಇದಕ್ಕಿಂತ ಸರಿಯಾದದ್ದು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಅದು ನನಗೆ ಹೊಳೆದಿರಲಿಲ್ಲ, ದೊಡ್ಡಮ್ಮನಿಗೆ ಹೊಳೆದಿತ್ತು. ನಾನು ನೋಡುತ್ತಿರುವುದು ಕಂಡು, "ನಂಜಾದ್ರೆ ನನ್ನ ಅನ್ಬ್ಯಾಡ," ಎಂದು ಮುಖ ತಿರುಗಿಸಿ ಹಿತಕುವುದು ಮುಂದುವರಿಸಿದಳು. ಆ ಸೀಸನ್ ಪೂರ್ತಿ ಅವಳ ಹೆಬ್ಬೆರಳ ತುದಿ ಕಪ್ಪಾಗಿಯೇ ಇತ್ತು.

ಎರಡು ತಿಂಗಳು ಮುಗಿಯುವ ಹೊತ್ತಿಗೆ ಕುಣಿಗಲ್‌ನಲ್ಲಿ ಅಣ್ಣನ ಮೊಮ್ಮಗುವಿಗೆ ನಾಮಕರಣ ಗೊತ್ತಾಯಿತು. ಭಾನುವಾರ ನಾಮಕರಣ, ಸೋಮವಾರ ತುಮಕೂರಿನಲ್ಲಿ ಅಮ್ಮನ ರಕ್ತ ಪರೀಕ್ಷೆ. ಅಣ್ಣ ಫೋನ್ ಮಾಡಿದ. ಸುತ್ತಿ ಬಳಸಿ ಕೊನೆಗೆ ಹೇಳಿದ: "ಜನ ಇರ್ತಾರಲ್ಲ, ವಾಸನೆ ಗೀಸನೆ ಅಂತ ಯಾರಾದ್ರೂ ಏನಾದ್ರೂ ಅಂದ್ರೆ ಅಮ್ಮಂಗೇ ಬೇಜಾರು. ಚೀಲ ತೆಗ್ಸಿದ ಮೇಲೆ ಆರಾಮಾಗಿ ಬಂದು ಮಗು ನೋಡ್ಲಿ. ಇಲ್ಲಾಂದ್ರೆ ಒಳಗಡೆ ರೂಮಲ್ಲಿ ಇರ್ಲಿ, ತಟ್ಟೆ ಅಲ್ಲಿಗೇ ಕಳಿಸ್ತೀವಿ." ಫೋನು ಸ್ಪೀಕರಿನಲ್ಲಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಫೋನಿಗೆ ಬಾಗಿದಳು. "ಏನ್ಲಾ, ಚೀಲ ಹೋಗೋಗಂಟ ನಾನು ಮುತ್ತಜ್ಜಿ ಅಲ್ವೇನ್ಲಾ?"

ಭಾನುವಾರ ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟಳು. ಸೀರೆ ಕೆಳಗೆ ಹೊಸ ಚೀಲ, ಬ್ಯಾಗಿನಲ್ಲಿ ಇನ್ನೊಂದು. ನಮ್ಮಲ್ಲಿ ಮನೆ ಹೆಂಗಸರು ಬಡಿಸುವವರ ಜೊತೆ ಓಡಾಡಿ ಕೊನೇ ಪಂಕ್ತಿಗೆ ಕೂರುವುದು ರೂಢಿ. ಅಮ್ಮ ನೇರ ಹೋಗಿ ಮೊದಲ ಪಂಕ್ತಿಯಲ್ಲಿ, ಬೀಗರ ಎದುರು, ಎಲೆ ಮುಂದೆ ಕೂತಳು. ದೊಡ್ಡಮ್ಮ ಒಂದು ಗಳಿಗೆ ನಿಂತು ನೋಡಿ ಅವಳ ಪಕ್ಕದ ಎಲೆಗೆ ಕೂತಳು. ನಾನೂ ಕೂತೆ. ಮುದ್ದೆ ಬಂತು, ಹಿತಕಿದ ಬೇಳೆ ಸಾರು ಬಂತು. ಬಡಿಸುವವನು ಅವಸರದಲ್ಲಿ ಮೇಲಿಂದ ತಿಳಿ ಎತ್ತಿ ಅಮ್ಮನ ಮುದ್ದೆ ಮೇಲೆ ಸುರಿದು ಮುಂದಕ್ಕೆ ಹೆಜ್ಜೆ ಇಟ್ಟ.

"ನಿಂತ್ಕಳಪ್ಪ," ಎಂದಳು ಅಮ್ಮ. ಆ ಸಾಲಿಗೆಲ್ಲ ಕೇಳುವಂತೆಯೇ ಹೇಳಿದಳು. "ತಳದಿಂದ ಕಲ್ಕಿ ಹಾಕು."

ಅವನು ಕಲಕಿ ಹಾಕಿದ. "ಇನ್ನೊಂದು," ಎಂದಳು. ಹಾಕಿದ.

ಅಣ್ಣ ಹಿಂದಿನಿಂದ ಬಂದು ಬಗ್ಗಿದ. "ಅಮ್ಮ, ಸಾಕಲ್ವಾ? ಹೊಟ್ಟೆಗೆ ಏನಾದ್ರೂ ಆದ್ರೆ?"

"ಆದ್ರೆ ನಂಗಾಗ್ತದೆ. ನೀನು ಹೋಗಿ ಬೀಗ್ರಿಗೆ ಬಡ್ಸು."

ಅನ್ನಕ್ಕೆ ಬರುವ ಹೊತ್ತಿಗೆ ಚೀಲ ತುಂಬಿತ್ತು. ಪಂಕ್ತಿಯ ನಡುವೆ ಏಳಬಾರದು, ಎದ್ದವರು ಮತ್ತೆ ಆ ಎಲೆಗೆ ಕೂರಬಾರದು ಎಂದು ನಮಗೆ ಕಲಿಸಿದವಳೇ ಅಮ್ಮ. ಎದ್ದಳು. ಬ್ಯಾಗು ತೆಗೆದುಕೊಂಡು ಬಚ್ಚಲಿಗೆ ಹೋದಳು. ಎದುರಿನ ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲೆ ತೆಗೆಯಲು ಬಂದವನ ಕೈಯನ್ನು ದೊಡ್ಡಮ್ಮ ಎಡಗೈಯಿಂದ ತಡೆದಳು: "ಎತ್ಬ್ಯಾಡ್ಲಾ. ಬತ್ತಾಳೆ." ಅಮ್ಮ ಕೈ ಕಾಲು ತೊಳೆದುಕೊಂಡು ಬಂದು, ಅದೇ ಎಲೆಗೆ ಕೂತು, "ಮೊಸರು ಯಾರ್ ತರ್ತಾರೆ?" ಎಂದಳು. ನನ್ನ ಕಣ್ಣು ತುಂಬಿ ಎಲೆ ಕಾಣಿಸುತ್ತಿರಲಿಲ್ಲ.

ಸೋಮವಾರ ರಕ್ತ ಕೊಟ್ಟೆವು, ತೂಕ ನೋಡಿದರು. ಡಾಕ್ಟರು ರಿಪೋರ್ಟು ನೋಡಿ ಅಮ್ಮನನ್ನು ನೋಡಿ, ಹೋದ ಸಲ ಬಂದವರು ಇವರೇನಾ ಎಂದು ಕೇಳಿದರು. ಮುಂದಿನ ವಾರ ಕರುಳು ಜೋಡಿಸಿ ಒಳಗೆ ಹಾಕಿದರು. ಹೊಲಿಗೆ ನಿಂತಿತು. ಈಗ ಹೊಟ್ಟೆಯ ಮೇಲೆ ಒಂದು ಗೀಟು ಉಳಿದಿದೆ ಅಷ್ಟೆ. ಮನೆಗೆ ಬಾ ಎಂದು ಅಣ್ಣ ಕರೆಯುತ್ತಲೇ ಇರುತ್ತಾನೆ, ಅಮ್ಮ ಗುಬ್ಬಿ ಬಿಟ್ಟು ಹೋಗಿಲ್ಲ.

ಹೋದ ಭಾನುವಾರ ಅವನು ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದ. ಅಲಸಂದೆ ಬಸ್ಸಾರು ಮಾಡಿದ್ದೆವು. ಅಮ್ಮ ಆಗಲೇ ಕೂತು ಅರ್ಧ ಊಟ ಮುಗಿಸಿದ್ದಳು. ನಾನು ಅಣ್ಣನಿಗೆ ತಟ್ಟೆ ಇಟ್ಟು ಮುದ್ದೆ ಹಾಕಿದೆ. ಅವನು ಬಾಣಲೆ ಬಗ್ಗಿಸಿ ನೋಡಿದ. ಖಾಲಿ.

"ಅಮ್ಮ, ಪಲ್ಯ?"

"ಮುಗೀತು ಕಣ್ಲಾ," ಎಂದಳು ಅಮ್ಮ, ತನ್ನ ತಟ್ಟೆಯಲ್ಲಿದ್ದ ಕಾಳನ್ನು ಮುದ್ದೆಗೆ ಒತ್ತಿಕೊಳ್ಳುತ್ತಾ. "ಕಟ್ಟೈತೆ, ಹುಯ್ಕೊ. ಸತ್ವ ಎಲ್ಲಾ ಅದ್ರಲ್ಲೇ ಇಳ್ದಿರ್ತೈತೆ."